ಹಾರ ತುರಾಯಿ ಮುಗಿದ ಮೇಲೆ ಏನು ಕೆಲಸ?

ಪಂಚಾಂಗ ಓದುವವರಿಗೆ ಯುಗಾದಿ, ಲೆಕ್ಕಪತ್ರ ಬರೆಯುವವರಿಗೆ ಏಪ್ರಿಲ್, ಮೇಷ್ಟ್ರುಗಳಿಗೆ ಜೂನ್. ರೋಟರಿ, ಲಯನ್ಸ್‌ನಂಥ ಸೇವಾ ಸಂಸ್ಥೆಗಳಿಗೆ ಮಾತ್ರ ಹೊಸ ವರ್ಷ ಹುಟ್ಟುವುದು ಜುಲೈ ಒಂದರಂದು. ಹಳೆಯ ಅಧ್ಯಕ್ಷರು ತಮ್ಮ ಕೊರಳಿನ ಪದಕ ತೆಗೆದು ಹೊಸಬರ ಕೊರಳಿಗೆ ಹಾಕುತ್ತಾರೆ. ಹಾರ, ತುರಾಯಿ, ಶಾಲು, ಗ್ರೂಪ್ ಫೋಟೊ ಎಲ್ಲ ಮುಗಿದ ಮೇಲೆ ಹೊಸ ಅಧ್ಯಕ್ಷರು ಮೈಕಿನ ಮುಂದೆ ನಿಂತು ‘ಈ ಸಾಲಿನ ನಮ್ಮ ಗುರಿಗಳು’ ಎಂದು ಪಟ್ಟಿ ಓದುತ್ತಾರೆ. ಸಾವಿರ ಸಸಿ, ನಾಲ್ಕು ರಕ್ತದಾನ ಶಿಬಿರ, ಬಡ ಮಕ್ಕಳಿಗೆ ನೋಟ್‌ಬುಕ್, ಕಣ್ಣಿನ ತಪಾಸಣೆ. ಸಭೆ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತದೆ. ಮುಂದಿನ ಜೂನ್‌ನಲ್ಲಿ ಆ ಪಟ್ಟಿಯನ್ನು ಹುಡುಕಿ ತೆಗೆದು, ಎಷ್ಟಾಯಿತು ಎಂದು ಕೇಳುವವರು ಕಡಿಮೆ.

ಇದು ದೊಡ್ಡವರ ವ್ಯವಹಾರ ಮಾತ್ರವಾಗಿದ್ದರೆ ವಿದ್ಯಾರ್ಥಿಗಳಿಗೂ ಅವರ ತಂದೆತಾಯಂದಿರಿಗೂ ಇದನ್ನು ಹೇಳಬೇಕಾಗಿರಲಿಲ್ಲ. ಆದರೆ ರೋಟರಿಯ ನೆರಳಿನಲ್ಲಿ 12ರಿಂದ 18 ವರ್ಷದವರ ಇಂಟರ್‍ಯಾಕ್ಟ್ ಕ್ಲಬ್ ಇದೆ, ಲಯನ್ಸ್‌ಗೆ ಲಿಯೋ ಕ್ಲಬ್ ಇದೆ. ಕಾಲೇಜಿಗೆ ಬಂದರೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎಲ್ಲರ ಬಾಯಲ್ಲಿ ಇರುವ ಎನ್ನೆಸ್ಸೆಸ್. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದವರು. ಈ ಸಂಘಗಳಲ್ಲಿ ವರ್ಷದ ಪಟ್ಟಿ ಬರೆಯುವ ಪೆನ್ನು ಹುಡುಗ ಹುಡುಗಿಯರ ಕೈಯಲ್ಲೇ ಇರುತ್ತದೆ, ಅಥವಾ ಇರಬೇಕು.

ನೆಲಮಂಗಲದ ಮಗ್ಗುಲಲ್ಲಿರುವ ಅರಿಶಿನಕುಂಟೆಯಂಥ ಊರಿನಲ್ಲಿ ಅಂಥ ಒಂದು ಸಂಘ ಕುಳಿತು ಈ ವರ್ಷದ ಗುರಿ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಏನು ಬರೆಯಬೇಕು? ಕಳೆದ ವರ್ಷದ ಪಟ್ಟಿಯನ್ನು ನಕಲು ಮಾಡುವುದು ಸುಲಭ. ಊರನ್ನು ಒಮ್ಮೆ ಕಣ್ಣಾಡಿಸಿ ನೋಡಿದರೆ ಬೇರೆಯೇ ಪಟ್ಟಿ ಹುಟ್ಟುತ್ತದೆ. ಬೆಂಗಳೂರಿನಿಂದ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಕವಲೊಡೆದು, ಒಂದು ತುಮಕೂರು, ಪುಣೆಯ ಕಡೆಗೂ ಇನ್ನೊಂದು ಹಾಸನ, ಮಂಗಳೂರಿನ ಕಡೆಗೂ ಹೋಗುತ್ತದೆ. ಹಗಲೂ ರಾತ್ರಿ ಲಾರಿ, ಬಸ್ಸು. ಊರಿನ ಮೊದಲ ಗುರಿಯನ್ನು ಈ ರಸ್ತೆಯೇ ಹೇಳಿಕೊಡುತ್ತದೆ.

2016ರ ಫೆಬ್ರುವರಿ 16ರಂದು ಇದೇ ನೆಲಮಂಗಲದ ಬಳಿ, ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ಯುವಕ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ. ಲಾರಿಯೊಂದು ಅವನ ಮೇಲೆ ಹರಿದು ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ಅವನು ನೆರೆದವರ ಬಳಿ ನೆರವಿಗಾಗಿ ಅಂಗಲಾಚಿದ. ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದೂ ಕೇಳಿಕೊಂಡ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅವನ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಅವನ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಜಾರಿಗೆ ತಂದಿತು. ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗಿನ ವೆಚ್ಚವನ್ನು ಸರ್ಕಾರವೇ ಭರಿಸುವ ಯೋಜನೆ ಅದು.

ಆ ಹುಡುಗ ಕೊನೆಯ ಗಳಿಗೆಯಲ್ಲಿ ಕೇಳಿದ್ದು ಎರಡನ್ನು: ನೆರವು ಮತ್ತು ದಾನ. ಇವೆರಡನ್ನೇ ಒಂದು ಸಂಘದ ವರ್ಷದ ಗುರಿಯಾಗಿ ಇಟ್ಟುಕೊಂಡರೆ ಸಾಲದೆ?

ಮೊದಲನೆಯದು ನೆರವು. ಅಪಘಾತ ಕಂಡ ಜನ ಹಿಂಜರಿಯುವುದು ಕಲ್ಲೆದೆಯಿಂದಲ್ಲ, ಪೊಲೀಸು-ಕೋರ್ಟು ಎಂಬ ಭಯದಿಂದ. ಆ ಭಯಕ್ಕೆ ಈಗ ಆಧಾರವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134-ಎ ಕಲಮು, ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ. ಇದು ಎಷ್ಟು ಮನೆಗಳಿಗೆ ಗೊತ್ತು? ರಸ್ತೆಯಂಚಿನ ಚಹಾದಂಗಡಿ, ಪಂಕ್ಚರ್ ಅಂಗಡಿ, ಆಟೊ ನಿಲ್ದಾಣಗಳಿಗೆ ಹೋಗಿ ಇದನ್ನು ತಿಳಿಸುವುದು, 108ಕ್ಕೆ ಫೋನ್ ಮಾಡುವಾಗ ಜಾಗದ ಗುರುತು ಹೇಗೆ ಹೇಳಬೇಕೆಂದು ಕಲಿಸುವುದು, ರಕ್ತ ಸೋರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯುವುದನ್ನು ವೈದ್ಯರಿಂದ ಕಲಿತು ನಾಲ್ಕು ಜನಕ್ಕೆ ತೋರಿಸುವುದು ಹೈಸ್ಕೂಲು ಮಕ್ಕಳಿಗೆ ಅಸಾಧ್ಯವೇನಲ್ಲ. ಒಂದು ಮಾತು ಮಾತ್ರ ಇಲ್ಲೇ ಹೇಳಿಬಿಡಬೇಕು. ಫೋಟೊಗಾಗಿ ಮಕ್ಕಳ ಕೈಗೆ ಬ್ಯಾನರ್ ಕೊಟ್ಟು ಹೆದ್ದಾರಿಯ ಪಕ್ಕದಲ್ಲಿ ಬಿಸಿಲಿಗೆ ನಿಲ್ಲಿಸುವುದು ಸೇವೆಯಲ್ಲ, ಅದು ಅಪಾಯ. ತಂದೆತಾಯಂದಿರು ಅದಕ್ಕೆ ಧಾರಾಳವಾಗಿ ಬೇಡ ಎನ್ನಬಹುದು.

ಎರಡನೆಯದು ಕಣ್ಣು. ಕನ್ನಡಿಗರಿಗೆ ನೇತ್ರದಾನದ ಪಾಠವನ್ನು ಪಠ್ಯಪುಸ್ತಕ ಹೇಳಿಕೊಡಬೇಕಾಗಿಲ್ಲ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ಪ್ರತಿ ಕಣ್ಣಿನ ಕಾರ್ನಿಯಾವನ್ನು ಎರಡು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಡಲಾಯಿತು. ಆಮೇಲೆ ರಾಜ್ಯದಲ್ಲೆಲ್ಲ ನೇತ್ರದಾನದ ಅರ್ಜಿ ತುಂಬಲು ಜನ ಮುಗಿಬಿದ್ದರು.

ಅರ್ಜಿ ತುಂಬುವುದು ಸುಲಭ. ತೊಡಕಿರುವುದು ಮನೆಯೊಳಗೆ. ಮನುಷ್ಯ ಸತ್ತ ಮೇಲೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಕಣ್ಣು ತೆಗೆಯಬೇಕಾದದ್ದು ಆರು ಗಂಟೆಯೊಳಗೆ. ಮನೆಯಲ್ಲಿ ಅಳು ಮುಗಿಲು ಮುಟ್ಟಿರುವಾಗ ಅರ್ಜಿಯ ನೆನಪು ಯಾರಿಗೆ ಬರುತ್ತದೆ? ಅಜ್ಜನಿಗೆ ಪೊರೆಯ ಆಪರೇಷನ್ ಆಗಿತ್ತಲ್ಲ, ಬರುತ್ತದೋ ಇಲ್ಲವೋ ಎಂದು ಒಬ್ಬರು ಅನುಮಾನಿಸುತ್ತಾರೆ (ಸಾಮಾನ್ಯವಾಗಿ ಬರುತ್ತದೆ, ಕನ್ನಡಕವೂ ವಯಸ್ಸೂ ಅಡ್ಡಿಯಲ್ಲ). ಮುಖ ವಿಕಾರವಾಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ (ಆಗುವುದಿಲ್ಲ). ಕಣ್ಣಿನ ಬ್ಯಾಂಕಿನವರು ಬರುವ ತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಡಬೇಕೆಂಬುದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ಆದ್ದರಿಂದ ‘ಐನೂರು ಅರ್ಜಿ’ ಎಂಬ ಗುರಿಗಿಂತ ‘ಐವತ್ತು ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಈ ಮಾತು’ ಎಂಬ ಗುರಿ ಗಟ್ಟಿ. ಮಾತು ಎತ್ತಬೇಕಾದವರು ಮಕ್ಕಳೇ. ಸಾವಿನ ಮಾತು ಬಿಡು ಎಂದು ಅಮ್ಮ ಗದರಬಹುದು. ಒಂದು ವಾರ ಬಿಟ್ಟು ಮತ್ತೆ ಎತ್ತಬಹುದು.

ರಕ್ತದಾನದಲ್ಲಿ ಮಕ್ಕಳ ಪಾಲು ಕಡಿಮೆ. ಕೊಡಲು 18 ತುಂಬಿರಬೇಕು, ತೂಕ 45 ಕಿಲೋ ಇರಬೇಕು. ಊರಿನಲ್ಲಿ ಕೊಡಬಲ್ಲವರ ಗುಂಪುವಾರು ಪಟ್ಟಿ ಮಾಡಿಟ್ಟರೆ ಅಷ್ಟೇ ಸಾಕು.

ಪೋಷಕರ ಪ್ರಶ್ನೆ ಬೇರೆ ಇದೆ: ಇದೆಲ್ಲ ಮಾಡಿಕೊಂಡು ಕೂತರೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ಗತಿ? ಪ್ರಶ್ನೆ ನ್ಯಾಯವಾದದ್ದೇ. ಎನ್ನೆಸ್ಸೆಸ್ ಕೇಳುವುದು ವರ್ಷಕ್ಕೆ 120 ಗಂಟೆ. ಭಾಗಿಸಿ ನೋಡಿದರೆ ದಿನಕ್ಕೆ ಇಪ್ಪತ್ತು ನಿಮಿಷ. ಟಿವಿ, ಮೊಬೈಲಿನ ಲೆಕ್ಕದ ಮುಂದೆ ಅದು ದೊಡ್ಡದಲ್ಲ. ಆದರೆ ಪರೀಕ್ಷೆಯ ತಿಂಗಳುಗಳಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳದಿರುವ ಜಾಣತನ ಸಂಘಕ್ಕೂ ಬೇಕು.

ಒಂದು ವರ್ಷದಲ್ಲಿ ಮುಗಿಯದ ಗುರಿಗಳೂ ಇವೆ. ಪೋಲಿಯೊ ಓಡಿಸುವ ಪಣವನ್ನು ರೋಟರಿ ತೊಟ್ಟದ್ದು 1985ರಲ್ಲಿ. ನಮ್ಮಲ್ಲಿ ಪಲ್ಸ್ ಪೋಲಿಯೊ ಭಾನುವಾರಗಳು ಶುರುವಾದದ್ದು 1995ರಲ್ಲಿ. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದ್ದು ಹಲವರಿಗೆ ನೆನಪಿರಬಹುದು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಕೈಗೆ ಬಂದದ್ದು 2014ರ ಮಾರ್ಚ್ 27ರಂದು. ಅಷ್ಟರಲ್ಲಿ ಒಂದೊಂದು ಹಳೆಯ ಕ್ಲಬ್ಬಿನಲ್ಲೂ ಸುಮಾರು ಮೂವತ್ತು ಅಧ್ಯಕ್ಷರು ಬಂದು ಹೋಗಿದ್ದರು. ಪ್ರತಿಯೊಬ್ಬರೂ ತಮ್ಮದೇ ಹೊಸ ಯೋಜನೆ ಬೇಕೆಂದು ಹಟ ಹಿಡಿದಿದ್ದರೆ ಏನಾಗುತ್ತಿತ್ತೋ.

ಸಸಿಯ ವಿಷಯವೂ ಹೀಗೆಯೇ. ಜೂನ್, ಜುಲೈಯಲ್ಲಿ ಮಳೆ ನಂಬಿ ನೆಟ್ಟ ಗಿಡ ಒಣಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಶಾಲೆಗೆ ಬೀಗ ಬಿದ್ದಿರುವಾಗ, ಅಧ್ಯಕ್ಷರ ಅವಧಿ ಮುಗಿಯುತ್ತಿರುವಾಗ. ಕುಂಟೆ ಎಂಬ ಮಾತನ್ನು ಹೆಸರಿನಲ್ಲೇ ಇಟ್ಟುಕೊಂಡಿರುವ ಊರಿಗೆ ನೀರಿನ ಬೆಲೆ ಗೊತ್ತಿರಲೇಬೇಕು. ಸಾವಿರದ ಆಸೆ ಬಿಟ್ಟು ನಲವತ್ತೇ ನೆಡಲಿ. ಒಂದೊಂದು ಗಿಡಕ್ಕೂ ಹತ್ತಿರದ ಮನೆ ಯಾವುದು, ಬೇಸಿಗೆ ರಜೆಯ ಯಾವ ವಾರ ಯಾರ ಪಾಳಿ, ಅಜ್ಜಿಯ ಊರಿಗೆ ಹೋದವರ ಬದಲಿಗೆ ಕೊಡ ಹಿಡಿಯುವವರು ಯಾರು ಎಂಬುದನ್ನು ಈ ಜುಲೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮುಂದಿನ ಜುಲೈಯಲ್ಲಿ ಪದಕದ ಜೊತೆಗೆ ಆ ನೋಟ್‌ಬುಕ್ಕನ್ನೂ ಹೊಸಬರ ಕೈಗೆ ಕೊಡಲಿ.