ಉಂಗುರದ ವಜ್ರವನ್ನು ಬಿಡಿಸುವಾಗ

ತಾಯಿಯ ಉಂಗುರದಲ್ಲಿರುವ ಒಂದೇ ಒಂದು ವಜ್ರವನ್ನು ಬಿಡಿಸಿ ಮಗಳ ಮೂಗುತಿಗೋ ಮದುವೆಯ ಉಂಗುರಕ್ಕೋ ಕೂಡಿಸುವುದು ನಮ್ಮ ಜನರಲ್ಲಿ ಹಳೆಯ ವಾಡಿಕೆ. ಊರಿನಲ್ಲಾದರೆ ಪರಿಚಯದ ಅಕ್ಕಸಾಲಿಗನು ನಮ್ಮೆದುರೇ ಆ ಕೆಲಸವನ್ನು ಮಾಡಿಕೊಡುತ್ತಿದ್ದನು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿದ ನಮಗೆ ಆ ಅನುಕೂಲವಿಲ್ಲ. ಅಂಗಡಿಯಲ್ಲಿ ಒಪ್ಪಿಸಿದ ಉಂಗುರವು ನಾವು ಕಾಣದ ಕೆಲಸಗಾರನ ಕೈಗೆ ಹೋಗುತ್ತದೆ.

ನಾವು ಹೋಟೆಲು ನಡೆಸುತ್ತಿದ್ದಾಗ ನಮ್ಮ ತಾಯಿಯವರ ಉಂಗುರವನ್ನು ಹೀಗೆಯೇ ಒಂದಂಗಡಿಯಲ್ಲಿ ಎರಡು ದಿವಸ ಬಿಟ್ಟು ಬಂದಿದ್ದೆವು. ಮರಳಿ ಬಂದ ಹರಳಿನ ಅಂಚು ಮುಕ್ಕಾಗಿತ್ತು. ಮುಕ್ಕು ಮೊದಲೇ ಇತ್ತೆಂದರು ಅಂಗಡಿಯವರು. ಇರಲಿಲ್ಲವೆನ್ನಲು ನಮ್ಮ ಬಳಿ ಆಧಾರವೇನಿತ್ತು? ಚೀಟಿಯಲ್ಲಿ ‘ಉಂಗುರ, ಕಲ್ಲು 1’ ಎಂದಷ್ಟೇ ಬರೆದಿತ್ತು. ಕಾಫಿಪುಡಿಯನ್ನು ಗ್ರಾಂ ತಪ್ಪದಂತೆ ತೂಗಿಸಿಕೊಳ್ಳುತ್ತಿದ್ದ ನಾವು ತಾಯಿಯ ವಜ್ರದ ತೂಕವನ್ನು ಕೇಳಿಯೇ ಇರಲಿಲ್ಲ!

ವಜ್ರವು ಗಟ್ಟಿ, ಅದಕ್ಕೇನಾದೀತು ಎಂಬುದು ಅರ್ಧ ಸತ್ಯ. ಗೀರಿಗೆ ಅದು ಅಂಜದು, ಪೆಟ್ಟಿಗೆ ಅಂಜುತ್ತದೆ. ಅದಕ್ಕೆ ಸೀಳುವ ದಿಕ್ಕುಗಳು ನಾಲ್ಕಿವೆ. ಇಕ್ಕಳದ ಒತ್ತು ಅಲ್ಲಿ ಬಿದ್ದರೆ ತೆಳುವಾದ ಅಂಚು ಒಡೆಯುತ್ತದೆ. ಬಲ್ಲ ಕೆಲಸಗಾರನು ಮೊದಲು ಕೊಳೆ ತೊಳೆದು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ನೋಡುತ್ತಾನೆ. ಹರಳನ್ನು ಮೀಟಿ ಎಬ್ಬಿಸುವುದಿಲ್ಲ; ಅದನ್ನು ಹಿಡಿದಿರುವ ಚಿನ್ನದ ಉಗುರುಗಳನ್ನು ಒಂದೊಂದಾಗಿ ಹೊರಕ್ಕೆ ಬಾಗಿಸುತ್ತಾನೆ, ಅಥವಾ ಕತ್ತರಿಸಿಯೇ ಬಿಡುತ್ತಾನೆ. ಉಗುರನ್ನು ಮತ್ತೆ ಕಟ್ಟಬಹುದಷ್ಟೆ. ಸುತ್ತಲೂ ಚಿನ್ನದ ಪಟ್ಟಿಯಿದ್ದರೆ ಅದನ್ನು ಸೀಳಬೇಕಾದೀತು. ಬೆಂಕಿಯ ಕೆಲಸವೇನಿದ್ದರೂ ಹರಳು ಹೊರಬಂದ ಮೇಲೆ. ವಜ್ರವೂ ಇಂಗಾಲವೇ ಆದುದರಿಂದ ಉರಿ ತಗಲಿದರೆ ಮೇಲ್ಮೈ ಸುಟ್ಟು ಮಂಕಾಗುತ್ತದೆ. ಹಿಂಬದಿ ಮುಚ್ಚಿದ ಹಳೆಯ ಒಡವೆಗಳಲ್ಲಿ ಹರಳಿನ ಅಡಿಗೆ ಹೊಳೆಯುವ ತಗಡು ಇಟ್ಟಿರುವುದುಂಟು. ಅಂಥದನ್ನು ಬಿಡಿಸಿದಾಗ ಕಾಂತಿ ಕುಂದಿದಂತೆ ಕಂಡರೆ ಕೂಡಲೇ ಕಳವೆಂದು ಕೂಗಾಡತಕ್ಕದ್ದಲ್ಲ.

ಬಿಡಿಯಾದ ಹರಳನ್ನು ಆ ಕ್ಷಣವೇ ನಮ್ಮೆದುರು ತೂಗಿಸಬೇಕು. ಉಂಗುರದಲ್ಲಿ ಕುಳಿತಿರುವಾಗ ಹೇಳುವ ತೂಕ ಬರಿಯ ಅಂದಾಜು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅಷ್ಟು ತೂಕದ ದುಂಡು ವಜ್ರದ ಅಗಲ ಸುಮಾರು 6.5 ಮಿಲಿಮೀಟರ್. ಅದೇ ಅಳತೆಯ ಜಿರ್ಕೋನಿಯಾ ಕಲ್ಲು ಒಂದೂವರೆ ಪಟ್ಟಿಗೂ ಮಿಕ್ಕಿ ತೂಗುತ್ತದೆ. ಆದುದರಿಂದ ತೂಕ, ಅಗಲ ಎರಡನ್ನೂ ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರ ಮಾತ್ರ ತೂಕಕ್ಕೆ ಸಿಕ್ಕಿಬೀಳದು. ಅದಕ್ಕಾಗಿ ಮಸೂರದಲ್ಲಿ ಕಂಡ ಚುಕ್ಕೆ, ಗೆರೆಗಳನ್ನೂ ಗುರುತು ಹಾಕಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಲೇಸು. 2021ರಿಂದ ಕಡ್ಡಾಯವಾಗಿರುವ ಹಾಲ್‌ಮಾರ್ಕ್ ಚಿನ್ನದ ಮಾತನ್ನಷ್ಟೇ ಆಡುತ್ತದೆ, ಹರಳಿನದನ್ನಲ್ಲ. ಉಳಿದ ಹಳೆಯ ಚಿನ್ನವನ್ನೂ ತೂಗಿಸಲು ಮರೆಯಬಾರದು.

ಸಂಜೆ ಲೋಕಲಿನಿಂದಿಳಿದು ಗದ್ದಲದ ಹೊತ್ತಿನಲ್ಲಿ ಹೋಗಬೇಡಿರಿ. ಹೋಟೆಲಿನ ಬಂಧುಗಳು ರಜೆಯ ದಿನ ಬೆಳಿಗ್ಗೆ, ಗಿರಾಕಿಗಳಿಲ್ಲದಾಗ, ಹೋಗಿ ಎದುರಿಗೇ ಕುಳಿತು ಬಿಡಿಸಿಕೊಳ್ಳಲಿ. ಅಂಗಡಿಯವರು ಒಪ್ಪದಿದ್ದರೆ ಉಂಗುರವನ್ನು ಮತ್ತೆ ಬೆರಳಿಗೆ ಹಾಕಿಕೊಂಡು ಎದ್ದು ಬರಲು ಸಂಕೋಚವೇಕೆ? ಸ್ಟೇಷನ್ ರಸ್ತೆಯಲ್ಲಿ ಬೇರೆ ಅಂಗಡಿಗಳಿವೆ.

ನಮ್ಮ ತಾಯಿಯವರ ಹರಳು ಈಗ ಸೊಸೆಯ ಬೆರಳಿನಲ್ಲಿದೆ. ಮುಕ್ಕಾದ ಅಂಚನ್ನು ಒಂದು ಉಗುರಿನ ಕೆಳಗೆ ಮರೆಮಾಡಿ ಕಟ್ಟಿಸಿದ್ದೇವೆ.