ಶಿವಾಜಿನಗರದಿಂದ ನರಸಾಪುರ: ದಾರಿಯುದ್ದಕ್ಕೂ ನೀರಿನ ಲೆಕ್ಕ

ಜನವರಿಯ ಅವರೆ ಸುಗ್ಗಿ. ನಾನು, ನಮ್ಮ ಭಾವಮೈದ ಇಬ್ಬರೂ ಸೇರಿ ಹನ್ನೆರಡು ಚೀಲ ಅವರೆಕಾಯಿ ಬಾಡಿಗೆ ಟೆಂಪೋಗೆ ಹೇರಿಕೊಂಡು ಕೋಲಾರದ ಕಡೆಯಿಂದ ರಾತ್ರಿ ಎರಡಕ್ಕೆ ಹೊರಟೆವು. ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಬೆಳಗಾಗುವ ಹೊತ್ತಿಗೆ ಮಾಲು ಖಾಲಿ. ರೇಟು ಅಷ್ಟಕ್ಕಷ್ಟೇ. ಭಾವಮೈದನ ತಲೆಯಲ್ಲಿ ಮಾತ್ರ ಬೇರೆಯದೇ ಓಡ್ತಿತ್ತು. ಹೆಂಡತಿಯ ಒಡವೆ ಅಡವಿಟ್ಟು 1,300 ಅಡಿ ಬೋರ್ ಕೊರೆಸ್ತೀನಿ ಅಂತ. ಎರಡು ಬೋರ್ ಆಗಲೇ ಒಣಗಿ ನಿಂತಿವೆ.

"ವಾಪಸ್ ಹಗಲಲ್ಲಿ ಹೋಗೋಣ, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡ್ಕೊಂಡು ಆಮೇಲೆ ತೀರ್ಮಾನ ಮಾಡು" ಅಂದೆ.

ಹಲಸೂರು ಕೆರೆ ಏರಿ ಹತ್ತಿರ ಟೀ ಕುಡಿದೆವು. ಈ ಕೆರೆ ತುಂಬಿದ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಕಡೆ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಪೇಟೆಯ ಚರಂಡಿಯೂ ಅದೇ ದಾರಿ ಹಿಡಿದಿದ್ದರಿಂದ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದಿದ್ದು, ಬೆಂಕಿ ಹತ್ತಿದ್ದು ಎಲ್ಲರೂ ಕೇಳಿದ್ದೇ.

ಇಂದಿರಾನಗರದ ಪಕ್ಕದಲ್ಲಿ ಹಳೇ ಮದ್ರಾಸು ರಸ್ತೆ, ತಲೆ ಮೇಲೆ ಮೆಟ್ರೋ. ಅಲ್ಲಿ ನೋಡೋಕೆ ಏನಿಲ್ಲ, ಹೊಗೆ. ಕೆ.ಆರ್. ಪುರದ ತೂಗುಸೇತುವೆ (2003ರದು) ದಾಟಿ ಎಲೆಮಲ್ಲಪ್ಪ ಶೆಟ್ಟಿ ಕೆರೆ ಬಂದ ಮೇಲೇ ಉಸಿರು ಬಂತು. ರಸ್ತೆ ಪಕ್ಕದಲ್ಲೇ ಅಷ್ಟಗಲ ನೀರು, ಕೊಕ್ಕರೆ ಬೇರೆ. ಹೆಬ್ಬಾಳದ ಕಣಿವೆ ನೀರು ಇಲ್ಲಿಗೆ ಬಂದು, ಅದೂ ಪಿನಾಕಿನಿಗೇ ಹೋಗುತ್ತೆ.

"ಹಾಗಾದ್ರೆ ನಮ್ಮೂರಿಗೆ ಬರೋ ನೀರು?" ಭಾವಮೈದ ಕೇಳಿದ.

ಅದೇ ನೋಡಿ ವಿಷಯ. ತಾನಾಗಿ ಹರಿದರೆ ಬೆಂಗಳೂರಿನ ಪೂರ್ವದ ನೀರು ತಮಿಳುನಾಡಿನ ಹೊಸೂರು ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗುತ್ತೆ. ಕೋಲಾರಕ್ಕೆ ಒಂದು ಚೊಂಬೂ ಬರಲ್ಲ. ನಮ್ಮ ಕೆರೆಗಳು ಪಾಲಾರ್ ಕಡೆಯವು. ಹಾಗಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, ಪೈಪಿನಲ್ಲಿ ಪಂಪ್ ಮಾಡಿ ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಿಡುತ್ತಾರೆ. ಅಲ್ಲಿಂದ ಕೋಡಿ ಬಿದ್ದು ಕೆರೆಯಿಂದ ಕೆರೆಗೆ. ಗುರಿ 126 ಕೆರೆ, ದಿನಕ್ಕೆ 44 ಕೋಟಿ ಲೀಟರು. ನೀರು ಬಂದಿದ್ದು 2018ರ ಜೂನ್‌ನಲ್ಲಿ. ಮುಂದಿನ ತಿಂಗಳೇ ನೊರೆ ಬಂತು, ನಿಂತಿತು, ಕೋರ್ಟಿಗೂ ಹೋಯಿತು, ಆಮೇಲೆ ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧಿಯೂ ಆಗಲಿ ಅನ್ನೋದು ನಮ್ಮ ಕಡೆಯ ರೈತರ ಬೇಡಿಕೆ. ನನ್ನದೂ ಅದೇ. ನಾವು ಕುಡಿಯೋಕೆ ಆ ಬೋರಿನ ನೀರು ಮುಟ್ಟಲ್ಲ.

ಕೆರೆಗೆ ನೇರವಾಗಿ ಪಂಪ್ ಇಟ್ಟು ಹೊಲಕ್ಕೆ ಎಳೆಯೋ ಹಾಗಿಲ್ಲ. ಕೆರೆ ನಿಂತು, ನೀರು ಇಂಗಿ, ಬೋರಿಗೆ ಬರಬೇಕು. ಅದಕ್ಕೆ ಸಮಯ ಹಿಡಿಯುತ್ತೆ. ಏರಿಯ ಕೆಳಗಿನ ಹೊಲಕ್ಕೆ ಬೇಗ, ದಿಣ್ಣೆ ಹೊಲಕ್ಕೆ ತಡ. ಬಂಡೆ ಅಡ್ಡ ಇದ್ದರೆ ಬರದೇ ಇರಲೂಬಹುದು.

ಇಲ್ಲಿ ನನ್ನ ಅನುಭವ ಹೇಳಬೇಕು. 2004ರಲ್ಲಿ ಕೊರೆಸಿದ ನನ್ನ 720 ಅಡಿ ಬೋರ್ 2012ಕ್ಕೆ ಒಣಗಿತ್ತು. ಮೇಲಿನ ಕೆರೆ ತುಂಬಿದ ಮೇಲೆ ಸುಮ್ಮನೆ ಒಂದು ಕೆಲಸ ಮಾಡಿದೆ. ನೈಲಾನ್ ಹಗ್ಗಕ್ಕೆ ಹತ್ತು ಅಡಿಗೊಂದು ಗಂಟು ಹಾಕಿ, ತುದಿಗೆ ಕಬ್ಬಿಣದ ಗುಂಡು ಕಟ್ಟಿ, ಪಂಪಿಲ್ಲದ ಕೇಸಿಂಗಿನೊಳಗೆ ಇಳಿಬಿಟ್ಟೆ. ಎಳೆದಾಗ ಹಗ್ಗ ಎಲ್ಲಿಂದ ಒದ್ದೆ ಅನ್ನೋದೇ ನೀರಿನ ಮಟ್ಟ. ಮೊದಲ ಸಲ ಪೂರ್ತಿ ಒಣ. ಎಂಟು ತಿಂಗಳಿಗೆ 610 ಅಡಿ, ಮುಂದಿನ ಮಳೆಗಾಲ ಕಳೆದು 340. ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದೀನಿ. ಅಳೆದ ಮೇಲೆ ಕೇಸಿಂಗ್ ಬಾಯಿಗೆ ಮುಚ್ಚಳ ಬಿಗಿ ಮಾಡಿ, ಮಕ್ಕಳಿರೋ ಮನೆ.

ಹೊಸಕೋಟೆ ದಾಟೋವರೆಗೂ ಭಾವಮೈದ ಮಾತಾಡಲಿಲ್ಲ. ನರಸಾಪುರದ ಹತ್ತಿರ ಟೆಂಪೋ ನಿಲ್ಲಿಸಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ 700 ಅಡಿ ನೈಲಾನ್ ಹಗ್ಗ ತಂದ. ಗಂಟು ನಾನೇ ಹಾಕಿಕೊಟ್ಟೆ. ಒಡವೆ ಇನ್ನೂ ಮನೆಯಲ್ಲೇ ಇದೆ.