ವನ್ಯಜೀವಿ ಸಂಘಗಳ ಮಾತಿಗೆ ಸರ್ಕಾರದಲ್ಲಿ ಬೆಲೆ ಏಕೆ?



ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಮನೆ ಮಾಡಿಕೊಂಡು ತೋಟಕ್ಕೆ ಹೋಗಿಬರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. "ಆನೆಯಿಂದ ಕಷ್ಟಪಡುವವರು ನಾವು. ಸರ್ಕಾರ ಕೇಳುವುದು ಮಾತ್ರ ಬೆಂಗಳೂರಿನ ವನ್ಯಜೀವಿ ಸಂಘಗಳ ಮಾತನ್ನು. ಇದು ಯಾವ ನ್ಯಾಯ?" ಎಂದು ಅವರು ಭೇಟಿಯಾದಾಗಲೆಲ್ಲ ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಆ ಸಂಘಗಳು ಕೆಲಸ ಮಾಡುವ ಕ್ರಮವನ್ನು ತಿಳಿದುಕೊಂಡರೆ ನಮಗೂ ಪ್ರಯೋಜನವುಂಟು. ಆದ್ದರಿಂದ ಈ ನಾಲ್ಕು ಮಾತು.

ಅವರ ಕ್ರಮ

ಅಮೆರಿಕದಲ್ಲಿ 1937ರಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಸೊಸೈಟಿ ವನ್ಯಜೀವಿ ವೃತ್ತಿಯವರದೇ ಸಂಘ. ಒಂದು ವಿಷಯ ಚರ್ಚೆಗೆ ಬಂದರೆ ಅದು ಬಲ್ಲವರಿಂದ ಪರಿಶೀಲನೆ ಮಾಡಿಸಿ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ತನ್ನ ನಿಲುವನ್ನು ಬರಹದಲ್ಲಿ ಪ್ರಕಟಿಸುತ್ತದೆ. ಸರ್ಕಾರ ನಿಯಮಗಳ ಕರಡನ್ನು ಹೊರಡಿಸಿದಾಗ ಅದೇ ಆಧಾರದ ಮೇಲೆ ಅಭಿಪ್ರಾಯ ಕಳುಹಿಸುತ್ತದೆ. ನಮ್ಮಲ್ಲಿ 1883ರಷ್ಟು ಹಿಂದೆಯೇ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ ಹಿಡಿದು ಇಂದಿನ ಬೆಂಗಳೂರು, ಮೈಸೂರುಗಳ ಸಂಶೋಧನಾ ಸಂಸ್ಥೆಗಳವರೆಗೆ ಈ ಕೆಲಸ ಮಾಡುವವರಿದ್ದಾರೆ. ಕಾನೂನು ಮಾಡುವ ಅಧಿಕಾರ ಇವರಲ್ಲಿ ಯಾರಿಗೂ ಇಲ್ಲ. ಇವರ ಮಾತು ಒಳಗೆ ಹೋಗಲು ಇರುವುದು ಮುಖ್ಯವಾಗಿ ಮೂರು ಬಾಗಿಲು.

ಮೂರು ಬಾಗಿಲು

ಮೊದಲನೆಯದು ಮಂಡಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಜ್ಯ ವನ್ಯಜೀವಿ ಮಂಡಳಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ವನ್ಯಜೀವಿ ಸಂಸ್ಥೆಗಳ ಪ್ರತಿನಿಧಿಗಳಿಗೂ ಪರಿಸರ ತಜ್ಞರಿಗೂ ಅದರಲ್ಲಿ ಸ್ಥಾನವಿದೆ.

ಎರಡನೆಯದು ಕರಡು ಅಧಿಸೂಚನೆ. ರಾಷ್ಟ್ರೀಯ ಉದ್ಯಾನವೊಂದರ ಸುತ್ತ ಪರಿಸರ ಸೂಕ್ಷ್ಮ ವಲಯ ಮಾಡುವಾಗ ಕೇಂದ್ರ ಸರ್ಕಾರ ಮೊದಲು ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸುತ್ತದೆ. ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಧಿಯುಂಟು. ಯಾರು ಬೇಕಾದರೂ ಬರೆಯಬಹುದು. ಪದವಿ ಬೇಕಿಲ್ಲ, ವಕೀಲರೂ ಬೇಕಿಲ್ಲ.

ಇದಕ್ಕೆ ಉದಾಹರಣೆ ನಮ್ಮ ನಗರವಾಸಿ ಸದಸ್ಯರ ಮನೆಯ ಹತ್ತಿರವೇ ಇದೆ. ಜೆ.ಪಿ. ನಗರದಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಸುಮಾರು 269 ಚದರ ಕಿಲೋಮೀಟರ್ ವಲಯ ಮಾಡಬೇಕೆಂದು 2016ರ ಕರಡಿನಲ್ಲಿತ್ತು. 2018ರ ಕರಡಿನಲ್ಲಿ ಅದು ಸುಮಾರು 169ಕ್ಕೆ ಇಳಿಯಿತು. ವನ್ಯಜೀವಿ ಆಸಕ್ತರೂ ನಾಗರಿಕರೂ ಬಲವಾಗಿ ಆಕ್ಷೇಪಿಸಿದರು. ಆದರೂ 2020ರ ಮಾರ್ಚ್‌ನಲ್ಲಿ ಹೊರಟ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು 168.84 ಚದರ ಕಿಲೋಮೀಟರ್ ಮಾತ್ರ. ವನ್ಯಜೀವಿ ಸಂಘಗಳು ಹೇಳಿದ್ದೆಲ್ಲ ನಡೆಯುತ್ತದೆಂಬ ನಮ್ಮ ನಂಬಿಕೆ ಸರಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಮೂರನೆಯದು ನ್ಯಾಯಾಲಯ, ಹಾಗೂ ಅದರ ಆದೇಶದಿಂದ ರಚನೆಯಾಗುವ ತಜ್ಞರ ಸಮಿತಿ. ನಮಗೆ ತೀರ ಹತ್ತಿರದ ನಿದರ್ಶನ ಇಲ್ಲಿಯೇ ಇದೆ.

ಆನೆ ಕಾರ್ಯಪಡೆಯ ವರದಿ

ಕರ್ನಾಟಕ ಹೈಕೋರ್ಟಿನ ಆದೇಶದ ಮೇರೆಗೆ ರಚನೆಯಾದ ಆನೆ ಕಾರ್ಯಪಡೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷರಾಗಿದ್ದರು. 1980ರ ದಶಕದ ಆರಂಭದಿಂದಲೇ ಆನೆಗಳನ್ನು ಅಭ್ಯಾಸ ಮಾಡುತ್ತ ಬಂದವರು ಅವರು. ಹೆಣ್ಣಾನೆಗಳಿಗಿಂತ ಬೆಳೆದ ಗಂಡಾನೆಗಳೇ ಹೆಚ್ಚಾಗಿ ಬೆಳೆಗೆ ನುಗ್ಗುತ್ತವೆಂಬುದನ್ನು ಲೆಕ್ಕವಿಟ್ಟು ತೋರಿಸಿದವರೂ ಅವರೇ.

2012ರ ಸೆಪ್ಟೆಂಬರ್‌ನಲ್ಲಿ ಸಲ್ಲಿಕೆಯಾದ ಆ ವರದಿ ಆನೆಗಳಿರುವ ಪ್ರದೇಶವನ್ನು ಮೂರು ಬಗೆಯಾಗಿ ನೋಡಿತು: ಆನೆಗೇ ಆದ್ಯತೆಯಿರುವ ಸಂರಕ್ಷಣಾ ವಲಯ, ಮನುಷ್ಯನೂ ಆನೆಯೂ ಹೊಂದಿಕೊಂಡು ಇರಬೇಕಾದ ಸಹಬಾಳ್ವೆ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ. ಹಾಸನ ಜಿಲ್ಲೆಯ ಆಲೂರು ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿದ್ದೂ ಇದೇ ವರದಿ. ಅದರಂತೆ ಮುಂದಿನ ಒಂದೆರಡು ವರ್ಷಗಳಲ್ಲಿ ಆಲೂರು-ಸಕಲೇಶಪುರ ಕಡೆಯಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ವನ್ಯಜೀವಿ ತಜ್ಞರೆಂದರೆ ಬೆಳೆಗಾರರ ವಿರೋಧಿಗಳೆಂದು ತಿಳಿದವರು ಇದನ್ನು ಗಮನಿಸಬೇಕು.

ಆನೆಗಳು ಮತ್ತೆ ಬಂದವೆಂಬುದು ಬೇರೆ ಮಾತು. 2017ರಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಅರಣ್ಯ ಇಲಾಖೆಯೊಡನೆ ಸೇರಿ, ಆನೆ ಎಲ್ಲಿದೆಯೆಂದು ಮೊಬೈಲ್ ಸಂದೇಶ ಹಾಗೂ ಕೆಂಪು ದೀಪಗಳ ಮೂಲಕ ತಿಳಿಸುವ ವ್ಯವಸ್ಥೆಯನ್ನು ಹಾಸನ ಜಿಲ್ಲೆಯಲ್ಲಿ ಆರಂಭಿಸಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಆಳುಗಳ ಪ್ರಾಣದ ಪ್ರಶ್ನೆ ಇದು. ಯಾವ ಹೊತ್ತಿನಲ್ಲಿ ಆನೆ ಎಲ್ಲಿ ಓಡಾಡುತ್ತದೆಂದು ಬರೆದಿಡುವವರಿಲ್ಲದೆ ಇಂಥದ್ದು ಸಾಧ್ಯವಿಲ್ಲ.

ನಾವು ಮಾಡಬೇಕಾದ್ದು

ಕೆಲವು ವರ್ಷಗಳ ಹಿಂದೆ ಅಧಿಕಾರಿಗಳ ಸಭೆಯೊಂದರಲ್ಲಿ ನಮ್ಮ ಸಂಘದ ಮನವಿಯನ್ನು ನಾನೇ ಓದಿದೆ. "ಅಪಾರ ನಷ್ಟವಾಗಿದೆ" ಎಂದಿತ್ತು. "ಎಷ್ಟು ಗಿಡ? ಯಾವ ತಿಂಗಳು?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಸಂಶೋಧಕ ಹುಡುಗ, ನನ್ನ ಮಗನ ವಯಸ್ಸಿನವನು, ಚೀಲದಿಂದ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದ. ಸಭೆ ಅವನ ಕಡೆ ತಿರುಗಿತು. ಆ ದಿನ ನಮ್ಮ ಮಾತು ಬಿದ್ದುಹೋದದ್ದು ಯಾರ ದ್ವೇಷದಿಂದಲೂ ಅಲ್ಲ; ಕಾರ್ಯದರ್ಶಿಯಾದ ನನ್ನ ಅಜಾಗ್ರತೆಯಿಂದ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಆನೆಯ ವಿಷಯದಲ್ಲಿ ಬಾಯಿ ಮಾತ್ರ ಸಾಲದು, ಪುಸ್ತಕವೂ ಬೇಕು. ಆದಕಾರಣ ಪ್ರತಿಯೊಬ್ಬ ಸದಸ್ಯರೂ ತೋಟದಲ್ಲಿ ಒಂದು ಪುಸ್ತಕವಿಟ್ಟು ಕೆಳಗಿನವನ್ನು ಬರೆಯಬೇಕಾಗಿ ಕೋರಿಕೆ:

1. ಆನೆ ಬಂದ ತಾರೀಖು, ಹೊತ್ತು, ಸರ್ವೆ ನಂಬರು.
2. ಎಷ್ಟು ಆನೆ, ಒಂಟಿ ಸಲಗವೋ, ಮರಿಗಳಿರುವ ಹಿಂಡೋ.
3. ಹಾಳಾದ ಕಾಫಿ ಗಿಡ, ಅಡಿಕೆ, ಬಾಳೆಗಳ ಎಣಿಕೆ ಹಾಗೂ ವಯಸ್ಸು. ಮುರಿದ ಪೈಪು, ಬೇಲಿ, ಗೇಟು.
4. ಪರಿಹಾರದ ಅರ್ಜಿ ಕೊಟ್ಟಿದ್ದರೆ ಅದರ ತಾರೀಖು, ಸ್ವೀಕೃತಿಯ ನಂಬರು.

ಆನೆ ಬಂದು ಏನೂ ಹಾಳುಮಾಡದೆ ಹೋದರೆ ಅದನ್ನೂ ಬರೆಯಿರಿ. ನಷ್ಟವನ್ನು ಮಾತ್ರ ಬರೆದ ಲೆಕ್ಕವನ್ನು ಯಾರೂ ಪೂರ್ತಿ ನಂಬುವುದಿಲ್ಲ. ತಿಂಗಳ ಕೊನೆಯಲ್ಲಿ ಸಂಘದ ಕಚೇರಿಗೆ ನಕಲು ತಲುಪಿಸಿದರೆ ಒಟ್ಟುಗೂಡಿಸುವ ಕೆಲಸ ನನ್ನದು. ಮುಂದಿನ ಬಾರಿ "ಎಷ್ಟು ಗಿಡ?" ಎಂದು ಕೇಳಿದಾಗ ಉತ್ತರ ನಮ್ಮ ಕೈಯಲ್ಲಿರಲಿ.

– ಕಾರ್ಯದರ್ಶಿ